ಆಲ್ಬಮ್ಮಿನಲ್ಲಿಲ್ಲದ ಅತ್ತೆ

ಮೂರೂವರೆ ವರ್ಷದ ತುಲಿ ಬಂಗಾಳದ ಡಮ್ ಡಮ್‌ನ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ನನ್ನತ್ತ ಬೆರಳು ಮಾಡಿ, “ಎ ಕೇ?” ಎಂದಳು. ಇವರು ಯಾರು ಎಂದು ಬಂಗಾಳಿಯಲ್ಲಿ ಕೇಳುವುದು ಹಾಗೆ. ಐರ್ಲೆಂಡಿನಿಂದ ಬಂದು ಆರು ದಿನವಷ್ಟೇ ಆಗಿದ್ದ ನನ್ನ ತಮ್ಮ ಮಲ್ಲುವನ್ನು ಅವಳು ಬಾಬಾ ಎನ್ನುತ್ತಿದ್ದಳು, ಅವನ ಹೆಂಡತಿ ಸುಮಾಳನ್ನು ಮಾ ಎನ್ನುತ್ತಿದ್ದಳು. ಹುಬ್ಬಳ್ಳಿಯಲ್ಲಿರುವ ನಮ್ಮವ್ವನ ಮುಖ ಫೋನಿನಲ್ಲಿ ಕಂಡರೆ ಠಾಕುಮಾ, ಅಂದರೆ ಅಜ್ಜಿ, ಎಂದು ಕೈಬೀಸುತ್ತಿದ್ದಳು. ಅವಳಿದ್ದ ಮಕ್ಕಳ ಆಶ್ರಮಕ್ಕೆ ನಮ್ಮ ಮನೆಯಿಂದ ಒಂದೇ ಬಸ್ಸು. ಆದರೂ ನಾನು ಅವಳಿಗೆ ಯಾರೂ ಅಲ್ಲ. ಆರತಿ ತಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಅವಳಿಗೆ ನನ್ನ ಗುರುತು ಯಾಕಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಏಳನೇ ಇಯತ್ತೆ ಓದಿದವಳು. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿ ಹನ್ನೊಂದು ವರ್ಷವಾಯಿತು. ಬಂದ ಹೊಸತರಲ್ಲಿ ಮೆಟ್ಟಿಲ ಮೇಲೆ ಮೀನಿನ ವಾಸನೆಗೆ ಸೆರಗು ಮೂಗಿಗೆ ಹಿಡಿದೇ ಓಡಾಡುತ್ತಿದ್ದೆ. ಇಲ್ಲಿನವರ ‘ಬಟಿ’ ನಮ್ಮ ಈಳಿಗೆಯಂಥದೇ. ನಾವು ಅದರಲ್ಲಿ ಬದನೆಕಾಯಿ ಹೆಚ್ಚುತ್ತೇವೆ, ಅವರು ಅದರಲ್ಲೇ ಮೀನಿನ ತಲೆ ಸೀಳುತ್ತಾರೆ. ಹುಬ್ಬಳ್ಳಿಯಲ್ಲಿ ಅಗಸಿಯಿಂದ ಮನೆ ಸೇರುವುದರೊಳಗೆ ಹತ್ತು ಜನ “ಊಟಾತೇನ್ರಿ?” ಅನ್ನುತ್ತಿದ್ದರು. ಇಲ್ಲಿ ವರ್ಷವೊಂದು ಕಳೆದ ಮೇಲೆ ಪಕ್ಕದ ಮನೆಯವಳು, ಇಲ್ಲಿನ ರೂಢಿಯಂತೆ ನಾನು ಬೌದಿ ಅಂದರೆ ಅತ್ತಿಗೆ ಎನ್ನುವವಳು, ಮೊದಲ ಸಲ ಬಾಗಿಲು ತಟ್ಟಿದಳು. ಊರಿಂದ ತಂದ ಜೋಳವನ್ನು ಗಿರಣಿಯವನು ಬೀಸಿಕೊಡುವಂತೆ ಮಾಡಿದ್ದೂ ಅವಳೇ. ಅವತ್ತು ಬಡಿದ ರೊಟ್ಟಿಯ ಸಪ್ಪಳಕ್ಕೆ ನನಗೇ ಅಳು ಬಂದಿತ್ತು.

ಮಲ್ಲು ಐರ್ಲೆಂಡಿನಲ್ಲಿ ಬಸ್ಸು ಓಡಿಸುತ್ತಾನೆ, ಸುಮಾ ಆಸ್ಪತ್ರೆಯಲ್ಲಿ ನರ್ಸು. ಮಕ್ಕಳಿಗಾಗಿ ಆರು ವರ್ಷ ಔಷಧೋಪಚಾರ ಮಾಡಿಸಿದರು. ಒಂದು ದಿನ ಸುಮಾ ಫೋನಿನಲ್ಲಿ, “ಸಾಕ್ರೀ ಅಕ್ಕಾ. ನನ್ನ ಮೈಯೇನು ಸೂಜಿ ಚುಚ್ಚೂ ದಿಂಬೇನು?” ಎಂದಳು. ಅಲ್ಲಿ ದತ್ತು ಸಿಗುವ ಮಕ್ಕಳು ಕಡಿಮೆಯಂತೆ. ನಮ್ಮ ದೇಶದಿಂದಲೇ ಕರೆದುಕೊಳ್ಳುವುದೆಂದು ಇಬ್ಬರೂ ನಿರ್ಧರಿಸಿದರು. ಅಲ್ಲಿಯ ಅಧಿಕಾರಿಣಿಯೊಬ್ಬಳು ಮನೆಗೆ ಬಂದು ಕಪಾಟು ತೆಗೆಸಿ ನೋಡಿದಳಂತೆ, ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದಳಂತೆ.

“ಜಗಳ ಎಷ್ಟ್ ಆಡ್ತೀರಿ ಅಂತ ಕೇಳಿದ್ಲಕ್ಕಾ. ಇಕಿ ‘ಆಡೂದೇ ಇಲ್ಲ’ ಅಂದಾಳ. ನಾ ‘ದಿನಾ’ ಅಂದೀನಿ,” ಎಂದು ಮಲ್ಲು ನಕ್ಕಿದ್ದ.

ನಗು ಅಲ್ಲಿಗೇ ಮುಗಿಯಿತು. ಆಮೇಲೆ ಎರಡು ವರ್ಷ ಬರೀ ಕಾಯುವುದು. ಮಗುವಿಗೆಂದು ಬಣ್ಣ ಹಚ್ಚಿದ ಕೋಣೆಯ ಬಾಗಿಲನ್ನು ಸುಮಾ ತೆರೆಯುವುದನ್ನೇ ಬಿಟ್ಟಿದ್ದಳು. ಅರ್ಜಿಯಲ್ಲಿ ಯಾವ ರಾಜ್ಯದ ಮಗು ಎಂಬ ಕಡೆ ಅವರು ಬಂಗಾಳ ಎಂದು ಬರೆದಿದ್ದರು. ಯಾಕೋ ಎಂದು ಕೇಳಿದ್ದಕ್ಕೆ ಮಲ್ಲು, “ನೀ ಅದೀಯಲ್ಲ ಅಲ್ಲಿ,” ಎಂದ.

ತುಲಿಯ ಫೋಟೋ ಬಂತು, ಇವರು ಒಪ್ಪಿದರು. ಕೋರ್ಟು ಕಚೇರಿ ಮುಗಿಯಲು ಎಂಟು ತಿಂಗಳು ಬೇಕಿತ್ತು. ಅಷ್ಟರಲ್ಲಿ ಮಗು ತಮ್ಮ ಮುಖ ಕಲಿಯಲಿ ಎಂದು ಸುಮಾ ಕೈಯಿಂದ ಹೊಲಿದ ಆಲ್ಬಮ್ ನನಗೆ ಕಳಿಸಿದಳು. ಪ್ರತಿ ಫೋಟೋದ ಕೆಳಗೆ ಬಂಗಾಳಿಯಲ್ಲಿ ಹೆಸರು ಬರೆಸಿ ಆಶ್ರಮಕ್ಕೆ ಕೊಡಬೇಕಿತ್ತು. ಭಾನುವಾರ ಅತ್ತೆ ಬಂದು ನೋಡಬಹುದು ಎಂದು ಆಶ್ರಮದವರೂ ಒಪ್ಪಿದ್ದರಂತೆ. ಕೊನೆಯ ಹಾಳೆಯಲ್ಲಿ ನನ್ನ ಫೋಟೋ ಇತ್ತು. ಅದರಡಿ ಸುಮಾ ಹೇಳಿದಂತೆ ಬೌದಿ ಬರೆದಳು: ಇವಳು ನಿನ್ನ ಅತ್ತೆ, ನಿನ್ನ ಊರಲ್ಲೇ ಇದ್ದಾಳೆ.

ಬರೆದವಳು ಪೆನ್ನು ಮುಚ್ಚುತ್ತ ಹಿಂದಿಯಲ್ಲಿ ಚೇಷ್ಟೆ ಮಾಡಿದಳು: “ಅವರಿಗೆ ಸಾಕಾಯಿತು ಅನ್ನು, ಮಗು ಸೀದಾ ನಿನ್ನ ಮಡಿಲಿಗೇ!”

ಅವಳು ಹೋದ ಮೇಲೆ ಆ ಮಾತು ತಲೆಯಲ್ಲಿ ಕೂತಿತು. ಇವರು ಹಿಂದೆ ಸರಿದರೆ? ಮಗು ನನ್ನ ಫೋಟೋ ತೋರಿಸಿದರೆ? ಯಾರ ಕೂಸೋ, ನಾಳೆ ನನ್ನ ಬಾಗಿಲಿಗೆ ಬಂದರೆ? ಹಾಳೆಯನ್ನು ಹೊಲಿಗೆಗುಂಟ ಹರಿದು ಒಲೆಯ ಉರಿಗೆ ಹಿಡಿದೆ. ಆಲ್ಬಮ್ಮನ್ನು ಆಶ್ರಮದ ಬಾಗಿಲಲ್ಲೇ ಕೊಟ್ಟು ಬಂದೆ, ಒಳಗೆ ಇಣುಕಲಿಲ್ಲ. ಆಮೇಲಿನ ಒಂದೊಂದು ಭಾನುವಾರಕ್ಕೂ ಸುಮಾಗೆ ಒಂದೊಂದು ನೆಪ ಹೇಳಿದೆ: ಮೊಣಕಾಲು, ಬಿಸಿಲು, ಬಂದ್.

ಆರು ದಿನ ಆಶ್ರಮದ ಹತ್ತಿರವೇ ಉಳಿದು ಅವರು ಮಗುವಿನೊಂದಿಗೆ ನಮ್ಮ ಮನೆಗೆ ಬಂದ ಆ ಸಂಜೆ ಸುಮಾ ಆಲ್ಬಮ್ ತಿರುವಿ, “ಇಲ್ಲೊಂದು ಹಾಳಿ ಇತ್ತಲ್ಲ?” ಎಂದಳು. ದಾರಕ್ಕೆ ಅಂಟಿದ ಚೂರು ಕಾಣುತ್ತಿತ್ತು.

“ಆಯಾಗೋಳು ಹರದಿರಬೇಕವಾ,” ಎಂದೆ. ಸಲೀಸಾಗಿ ಎಂದೆ.

ಮರುದಿನ ಸಹಿಗೆಂದು ಎಲ್ಲರೂ ಆಶ್ರಮಕ್ಕೆ ಹೋದೆವು. ಸುಮಾ ಮುರುಕು ಹಿಂದಿಯಲ್ಲಿ, ನಗುತ್ತಲೇ, ತುಲಿಯನ್ನು ಸಾಕಿದ ಆಯಾಳನ್ನು ಕೇಳಿಬಿಟ್ಟಳು. ಆ ಹೆಂಗಸಿನ ಮುಖ ಕಪ್ಪಿಟ್ಟಿತು. “ದಿನಾ ಊಟದ ನಂತರ ತೋರಿಸ್ತಿದ್ದೆ ದಿದಿ, ಕೈ ಒರೆಸಿಕೊಂಡು. ನನ್ನ ಕೈಗೆ ಬಂದದ್ದೇ ಹೀಗೆ,” ಎಂದು ಎರಡೂ ಕೈ ಚಾಚಿ ತೋರಿಸಿದಳು.

“ನಾನೇ ಹರದೆ,” ಎಂದೆ.

ಮಲ್ಲು ನನ್ನತ್ತ ತಿರುಗಿ, “ಯಾಕಕ್ಕಾ?” ಎಂದ. ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಆಯಾಳ ಮುಂದೆ ಕೈಮುಗಿದು, “ನಮ್ಮ ತಪ್ಪು,” ಎಂದ. ನನ್ನ ತಪ್ಪನ್ನು ಅವನು ‘ನಮ್ಮದು’ ಎಂದದ್ದು ಕೆನ್ನೆಗೆ ಹೊಡೆದಂತಾಯಿತು.

ತುಲಿಯ ಪಾಸ್‌ಪೋರ್ಟ್ ಬರುವವರೆಗೆ ಮೂರು ವಾರ ನಮ್ಮಲ್ಲೇ ಇದ್ದರು. ಮಲ್ಲು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದ. ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲ ಮುಂದೆ ತುಲಿ ಧೊಪ್ಪನೆ ಕೂತು ಕಿರುಚತೊಡಗಿದಳು: “ಬಾಡಿ ಜಾಬೋ! ಬಾಡಿ ಜಾಬೋ!”

“ಏನಂತಾಳಕ್ಕಾ?” ಎಂದ ಮಲ್ಲು.

ನೀರು ಬೇಕಂತೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. “ಮನಿಗೆ ಹೋಗ್ತೀನಿ ಅಂತಾಳ,” ಎಂದೆ.

“ಯಾವ ಮನಿಗೆ?” ಸುಮಾ ಕೇಳಿದಳು.

“ಆಶ್ರಮಕ್ಕ.”

ಸುಮಾ ನೆಲದ ಮೇಲೆ ಅವಳ ಪಕ್ಕ ಕೂತಳು. “ನನಗ ಗೊತ್ತೈತಿ ಅನ್ನೂದು ಹೆಂಗ, ಹೇಳ್ರಿ.”

“ಆಮಿ ಜಾನಿ.”

ಸುಮಾ ಅದನ್ನೇ ತಪ್ಪುತಪ್ಪಾಗಿ ಹತ್ತು ಸಲ ಹೇಳಿದಳು. ತುಲಿ ಒಂದು ಕೈಯಿಂದ ಅವಳನ್ನು ಹೊಡೆಯುತ್ತಿದ್ದಳು, ಇನ್ನೊಂದು ಕೈಯಿಂದ ಅವಳ ಕೋಟು ಹಿಡಿದಿದ್ದಳು.

ಒಳಗೆ ಹೋಗುವಾಗ ಮಲ್ಲು ತಿರುಗಿ, “ಭಾನುವಾರ ಫೋನ್ ಮಾಡ್ತೀವಿ. ಆಕಿ ಜೋಡಿ ಬಂಗಾಲಿಯೊಳಗ ಮಾತಾಡು. ನಮಗ ಬರೂದಿಲ್ಲ,” ಎಂದ. ಕ್ಷಮಿಸಿದ ಎಂದಲ್ಲ. ಬಂಗಾಳಿ ಬಲ್ಲವರು ಅವನಿಗೆ ಬೇರೆ ಯಾರೂ ಇರಲಿಲ್ಲ.

ತರಕಾರಿ ಕೊಳ್ಳುವಷ್ಟೇ ಬಂಗಾಳಿ ಬರುತ್ತಿದ್ದವಳು ಈಗ ಬೌದಿಯಿಂದ ಮಕ್ಕಳ ಮಾತು ಕಲಿಯುತ್ತಿದ್ದೇನೆ. ಹೋದ ವಾರ ನಾನು ಬಂಗಾಳಿಯಲ್ಲಿ ಹಾಲು ಕುಡಿದೆಯಾ ಎಂದರೆ, ತುಲಿ ಅಚ್ಚ ಹುಬ್ಬಳ್ಳಿಯವಳಂತೆ “ಒಲ್ಲೆ” ಎಂದಳು. ಸುಮಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅವಳ ಊರಿನ ಮಾತು ಅವಳ ಬಾಯಿಂದ ಜಾರುತ್ತಿದೆ. ಅದನ್ನು ಹಿಡಿದುಕೊಂಡಿರಬೇಕಾದವಳು ನಾನು, ಹುಬ್ಬಳ್ಳಿಯವಳು.

ಮೊನ್ನೆ ನಮ್ಮ ಮನೆಯವರು ಹುಬ್ಬಳ್ಳಿಗೆ ವರ್ಗ ಕೇಳುವ ಅರ್ಜಿ ತಂದು ನನ್ನ ಮುಂದಿಟ್ಟರು. ಅದಕ್ಕಾಗಿ ಹನ್ನೊಂದು ವರ್ಷ ಅವರ ಬೆನ್ನು ಹತ್ತಿದ್ದವಳು ನಾನೇ.

“ಈ ವರ್ಷ ಬ್ಯಾಡ್ರಿ,” ಎಂದೆ.