ಮಣ್ಣಿಗೆ ಹೊದೆಸಿದ ಒದ್ದೆ ಗೋಣಿ

ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು. ಮಣ್ಣಿನ ರಾಶಿಗೆ ಸದಾ ಒದ್ದೆ ಗೋಣಿ ಹೊದೆಸಿಡಬೇಕು, ಮಣ್ಣನ್ನು ಬಾಯಾರಿಸಬಾರದು ಎನ್ನುತ್ತಿದ್ದರು. ಹಿರಿಯರ ಇಂಥ ಮಾತುಗಳನ್ನೇ ಬಂಡವಾಳ ಮಾಡಿಕೊಂಡು ಊರೆಲ್ಲ ಹರಟೆ ಹೊಡೆದವನು ನಾನು. ಅದರಲ್ಲೊಂದು ಮಾತು ಒಬ್ಬಳು ಹುಡುಗಿಯ ಕೆಲಸಕ್ಕೇ ಕುತ್ತು ತಂದಿತು. ತಪ್ಪು ಮಾತಿನದಲ್ಲ, ನನ್ನದು.

ಬಂಟ್ವಾಳದ ಹತ್ತಿರ ಒಂದು ಸಣ್ಣ ರಬ್ಬರ್ ಫ್ಯಾಕ್ಟರಿಯಲ್ಲಿ ಸ್ಟೋರ್ ನನ್ನ ವಶದಲ್ಲಿತ್ತು. ತೋಟಕ್ಕೆ ಮದ್ದು ಬಿಡುವ ಪಂಪಿನ ವಾಷರುಗಳು ಅಲ್ಲಿ ತಯಾರಾಗುತ್ತಿದ್ದವು. ರಬ್ಬರ್ ಎಂದರೆ ಬೆಳ್ತಂಗಡಿ ಗುಡ್ಡಗಳ ಮರದ ಹಾಲಿನದ್ದಲ್ಲ, ರಾಸಾಯನಿಕಗಳಿಂದ ಮಾಡಿದ್ದು. ಅದಕ್ಕೆ ಕಪ್ಪು ಹುಡಿ ಬೆರೆಸಿ ಗಟ್ಟಿ ಮಾಡುವುದು ನಮ್ಮ ರೂಢಿ. ಮೂಡುಬಿದಿರೆಯಲ್ಲಿ ಓದಿ, ಕನ್ಯಾನದಿಂದ ದಿನಾ ಬಸ್ಸಿನಲ್ಲಿ ಬರುವ ಕೆಮಿಸ್ಟ್ ಹುಡುಗಿ ಸೇರಿದ ಮೇಲೆ ಹುಡಿಯ ಬದಲು ಒಂದು ನಮೂನೆಯ ಮಣ್ಣು ಬಂತು. ಮೈದಾದಷ್ಟು ನಯ.

“ಇದರ ಒಂದೊಂದು ಕಣವೂ ಪುಸ್ತಕದ ಹಾಗೆ ಮಾಮ, ಒಳಗೆ ಹಾಳೆ ಹಾಳೆ,” ಎಂದಳು. “ತಲೆಕೂದಲನ್ನು ಸಾವಿರ ಸೀಳು ಮಾಡಿದ್ರೂ ಅಷ್ಟು ತೆಳು ಬರ್ಲಿಕ್ಕಿಲ್ಲ. ಆ ಹಾಳೆಗಳ ನಡುವೆ ರಬ್ಬರ್ ಹೊಕ್ಕರೆ ಒಂದು ಮುಷ್ಟಿ ಮಣ್ಣು ಸಾಕು.”

ಹಂಚಿನ ಕಾರ್ಖಾನೆಯವರ ಮಗನಿಗೆ ಮಣ್ಣಿನ ಪಾಠವಾ ಎಂದು ತಮಾಷೆ ಮಾಡಿದೆ. ಅವಳೂ ನಕ್ಕಳು. ಮಣ್ಣಿನ ಚೀಲವನ್ನು ಹುಷಾರಾಗಿ ಇಡಿ ಎಂದಷ್ಟೇ ಹೇಳಿ ಹೋದಳು.

ಮೊದಲ ಸಲದ ವಾಷರುಗಳು ಎಳೆದರೂ ಹರಿಯಲಿಲ್ಲ. ಫ್ಯಾಕ್ಟರಿಯ ಯಜಮಾನರಾದ ಧನಿಗಳು ಬೆಳ್ತಂಗಡಿಯ ಪಂಪಿನ ವ್ಯಾಪಾರಿಗೆ ತೋರಿಸಿದರು. ಅವನು ಇನ್ನೂರು ವಾಷರು ಕೇಳಿದ. ಇದು ಸರಿಯಾದರೆ ಮಣ್ಣೂ ಉಂಟು, ಕೆಮಿಸ್ಟೂ ಉಂಟು. ಇಲ್ಲದಿದ್ದರೆ ಎರಡೂ ಬೇಡ ಎಂದು ಧನಿಗಳು ಎಲ್ಲರೆದುರೇ ಹೇಳಿದರು.

ಅದು ಬಿರುಬೇಸಿಗೆ. ಸ್ಟೋರಿನ ಶೀಟಿನ ಮಾಡು ಕಾದ ಕಾವಲಿಯಂತಿತ್ತು. ಉಳಿದ ಮಣ್ಣನ್ನು ಮುಟ್ಟಿದರೆ ಧೂಳು ಹಾರುತ್ತಿತ್ತು. ಅಯ್ಯೋ ಪಾಪ, ಒಣಗಿ ಸಾಯುತ್ತದೆ ಎನಿಸಿತು. ಚೀಲದ ಬಾಯಿ ಸಡಿಲಿಸಿ ಒದ್ದೆ ಗೋಣಿ ಹೊದೆಸಿದೆ. ದಿನಾ ಬೆಳಿಗ್ಗೆ ನೀರು ಚಿಮುಕಿಸಿದೆ. ಯಾರಿಗೂ ಹೇಳಲಿಲ್ಲ, ವಾಷರ್ ಚಂದ ಬಂದ ಮೇಲೆ ಹೇಳಿ ಶಹಬ್ಬಾಸ್ ಅನಿಸಿಕೊಳ್ಳುವ ಆಸೆ.

ಅಚ್ಚಿನಿಂದ ಹೊರಬಂದ ವಾಷರುಗಳ ಮೈ ತುಂಬ ನೀರುದೋಸೆಯಂತೆ ತೂತು. ಅವಳು ರಬ್ಬರಿಗೆ ಬೆರೆಸುವ ಗಂಧಕದ ತೂಕ ನೋಡಿದಳು, ಅಚ್ಚಿನ ಬಿಸಿ ನೋಡಿದಳು, ಮತ್ತೆ ಮಾಡಿದಳು. ಮತ್ತೂ ತೂತು. ಕೊನೆಗೆ ಸ್ಟೋರಿಗೆ ಬಂದಳು.

“ಮಾಮ, ಮಣ್ಣಿಗೆ ನೀರು ಏನಾದ್ರೂ ತಾಗಿದ್ದುಂಟಾ?”

ಆ ಕ್ಷಣ ನನಗೆ ಅರ್ಥವಾಯಿತು. ತೇವ ಅಚ್ಚಿನ ಬಿಸಿಗೆ ಹಬೆಯಾಗಿ ರಬ್ಬರನ್ನು ತೂತು ಮಾಡಿತ್ತು. ಒದ್ದೆ ಗೋಣಿಯನ್ನು ನಾನು ಹಿಂದಿನ ಸಂಜೆ ತೊಳೆಯಲು ತೆಗೆದಿದ್ದೆ, ಮೇಲಿನ ಮಣ್ಣು ಸೆಕೆಗೆ ಒಣಗಿತ್ತು, ಅವಳಿಗೆ ಏನೂ ಕಾಣುವಂತಿರಲಿಲ್ಲ.

“ಇಲ್ಲಪ್ಪ,” ಎಂದೆ. “ಈ ಸೆಕೆಗೆ ನೀರು ಎಲ್ಲಿಂದ ಬರ್ತದೆ?”

ಅವಳು ನಂಬಿದಳು. ನಂಬಿ, ತನ್ನ ಲೆಕ್ಕವೇ ತಪ್ಪಿರಬೇಕೆಂದು ಧನಿಗಳಲ್ಲಿ ಒಪ್ಪಿಕೊಂಡಳು. ತಿಂಗಳ ಕೊನೆಗೆ ಅವಳು ಕೆಲಸ ಬಿಡುವುದೆಂದು ಮಾತಾಯಿತು.

ಎರಡು ದಿನ ಅವಳೆದುರು ಬೀಳದೆ ತಪ್ಪಿಸಿಕೊಂಡೆ. ಮೂರನೆಯ ದಿನ ಧನಿಗಳ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು.

“ನಿನ್ನ ಮನಸ್ಸು ನನಗೆ ಗೊತ್ತುಂಟು ಮಾರಾಯ. ಹುಡುಗಿಯನ್ನು ಉಳಿಸ್ಲಿಕ್ಕೆ ಕಥೆ ಕಟ್ತೀಯಾ? ಹೋಗು, ಚಾ ಕುಡಿ.”

ಅಲ್ಲೇ ನಿಂತು, ಕಥೆಯಲ್ಲ ಎಂದು ಇನ್ನೊಮ್ಮೆ ಹೇಳಬೇಕಿತ್ತು. ಹೇಳಲಿಲ್ಲ. ಹೊರಗೆ ಬರುವಾಗ ಎದೆ ಹಗುರಾದದ್ದೂ ನಿಜ. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುವುದು ಆ ಹಗುರಕ್ಕೇ.

ಮಧ್ಯಾಹ್ನ ಅವಳು ಬಂದು ಥ್ಯಾಂಕ್ಸ್ ಹೇಳಿದಳು! ನನಗೋಸ್ಕರ ಸುಳ್ಳು ಹೇಳಿದ್ರಂತೆ, ಧನಿಗಳು ಹೇಳಿದ್ರು ಎಂದಳು. ಅವಳ ಕಣ್ಣು ತುಂಬಿತ್ತು.

“ಧನಿಗಳಿಗೆ ಹೇಳಿದ್ದು ಸತ್ಯ ಮಗಾ,” ಎಂದೆ. “ಸುಳ್ಳು ನಿನಗೆ ಹೇಳಿದ್ದು.”

ಬೈಯುತ್ತಾಳೆಂದು ಕಾದೆ. ಅವಳು ಮಣ್ಣಿನ ಚೀಲದ ಹತ್ತಿರ ಹೋಗಿ ಬಗ್ಗಿದಳು. ಆಮೇಲೆ, ಎಷ್ಟು ದಿನ ನೀರು ಹಾಕಿದಿರಿ ಎಂದು ಕೇಳಿದಳು. ಹನ್ನೆರಡು ಎಂದೆ. ನೀವು ಹೇಳಿದರೂ ಧನಿಗಳು ನಂಬುವುದಿಲ್ಲ, ನಾನು ಹೇಳಿದರೂ ನಂಬುವುದಿಲ್ಲ, ತಕ್ಕಡಿ ಹೇಳಲಿ ಎಂದು ಮಣ್ಣನ್ನು ತಟ್ಟೆಯಲ್ಲಿ ತೂಗಿ, ಬಿಸಿಯಲ್ಲಿ ಒಣಗಿಸುವ ಒಲೆಯ ಪೆಟ್ಟಿಗೆಯಲ್ಲಿಟ್ಟಳು. ಮರುದಿನ ಧನಿಗಳನ್ನು ಕರೆದು ಅವರೆದುರೇ ಮತ್ತೆ ತೂಗಿದಳು. ತೂಕ ಇಳಿದಿತ್ತು. ಇಳಿದದ್ದಷ್ಟೂ ನನ್ನ ನೀರು. ಧನಿಗಳು ತಕ್ಕಡಿ ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಮಾಡಿ ನೋಡಿ ಎಂದು ಹೇಳಿ ಹೋದರು.

ಒಣಗಿಸಿದ ಮಣ್ಣಿನ ವಾಷರುಗಳಲ್ಲಿ ಒಂದು ತೂತೂ ಇರಲಿಲ್ಲ. ಅವಳ ಕೆಲಸ ಉಳಿಯಿತು, ನನ್ನದೂ. ಈಗಲೂ ಅವಳು ನನ್ನನ್ನು ಮಾಮ ಎಂದೇ ಕರೆಯುತ್ತಾಳೆ, ಮನೆಯಲ್ಲಿ ಮಾಡಿದ ತಿಂಡಿ ತಂದು ಕೊಡುತ್ತಾಳೆ. ಆದರೆ ಸ್ಟೋರಿನಿಂದ ಯಾವ ಚೀಲ ಒಯ್ಯುವಾಗಲೂ ಮೊದಲು ನನ್ನೆದುರೇ ಅದರ ಬಾಯಿ ಬಿಚ್ಚಿ, ಕೈ ಹಾಕಿ, ತಳದವರೆಗೆ ಮುಟ್ಟಿ ನೋಡುತ್ತಾಳೆ.