ಬಲಗೈಯ ಗವಸು ಆರ್ಹುಸ್‌ನಲ್ಲಿ

ಆಸ್ಗರ್ ಕೋಪನ್‌ಹೇಗನ್ನಿನ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ತಲೆ ನರೆಸಿಕೊಂಡವನು. ಸೂಕ್ಷ್ಮ ಕಣಗಳ ಪಾಠ ಬಂತೆಂದರೆ ಅವನಿಗೆ ಒಳಗೊಳಗೇ ಗೊಂದಲ. ಲೆಕ್ಕವೇನೋ ಸರಿಯಾಗಿ ಬರುತ್ತಿತ್ತು. ಅದರ ಅರ್ಥವೇನೆಂದು ಮಕ್ಕಳು ಕೇಳಿದರೆ ಮಾತ್ರ ಸೋಮವಾರ ಒಂದು ಹೇಳಿ ಶುಕ್ರವಾರ ಇನ್ನೊಂದು ಹೇಳುತ್ತಿದ್ದ. ಅಲ್ಲಿಯ ರೂಢಿಯಂತೆ ಮಕ್ಕಳು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು.

ಆ ಜೂನ್ ತಿಂಗಳಲ್ಲಿ ಕಾಯಾ ಎಂಬ ಹುಡುಗಿಯ ಕೊನೆಯ ಮೌಖಿಕ ಪರೀಕ್ಷೆ. ಪಾಸಾದರೆ ಬಾಗಿಲಾಚೆಯೇ ಮನೆಯವರು ಶಾಲೆ ಮುಗಿಸಿದ ಗುರುತಿನ ಬಿಳಿ ಟೋಪಿ ತೊಡಿಸುತ್ತಾರೆ. ಇಲ್ಲವಾದರೆ ತಂದ ಟೋಪಿ ಚೀಲದಲ್ಲೇ ಮನೆಗೆ ಮರಳುತ್ತದೆ. ಹೊರಗೆ ಅವಳ ಅಜ್ಜಿ ಟೋಪಿ ಹಿಡಿದು ನಿಂತಿದ್ದಳು. ಒಳಗೆ ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಆಸ್ಗರ್, ಪಕ್ಕದಲ್ಲಿ ಸಮುದ್ರದಾಚೆಯ ಆರ್ಹುಸ್ ಊರಿನಿಂದ ಬಂದ ಪರೀಕ್ಷಕಿ ಗೂಡ್ರುನ್. ಕಾಯಾ ಎತ್ತಿದ ಚೀಟಿಯಲ್ಲಿ ಒಟ್ಟಿಗೆ ಹುಟ್ಟಿ ದೂರ ಸರಿದ ಜೋಡಿ ಕಣಗಳ ಪ್ರಶ್ನೆಯಿತ್ತು: ಇಲ್ಲಿರುವುದನ್ನು ಅಳೆದರೆ ದೂರದಲ್ಲಿರುವುದಕ್ಕೆ ಏನಾದರೂ ಆಗುತ್ತದೆಯೇ?

“ಒಂದ್ ಜೊತೆ ಕೈಗವಸು ಅಂದ್ಕೊಳ್ಳಿ,” ಎಂದಳು ಕಾಯಾ. “ಒಂದು ನನ್ನ ಜೇಬಲ್ಲಿದೆ, ಇನ್ನೊಂದು ಆರ್ಹುಸ್‌ನಲ್ಲಿ. ನಂದು ತೆಗೆದು ನೋಡ್ದೆ, ಎಡಗೈದು. ಅಂದ್ರೆ ಅಲ್ಲಿರೋದು ಬಲಗೈದು.”

ಆಸ್ಗರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅದು ಈ ಪಾಠದ ಮೊದಲ ದಿನ ಅವನು ಕೊಟ್ಟ ಉದಾಹರಣೆ. ಅದು ಸಾಲದೆಂದು ಮರುದಿನ ಅವನೇ ಹೇಳಿದ್ದ. ಅಂದು ಇವಳು ತರಗತಿಗೆ ಬಂದಿದ್ದಳೋ ಇಲ್ಲವೋ!

“ಹಾಗಾದ್ರೆ ನೋಡೋಕ್ ಮುಂಚೇನೇ ಅದು ಎಡಗೈದಾಗಿತ್ತಾ?” ಎಂದು ಗೂಡ್ರುನ್ ಕೇಳಿದಳು.

ಕಾಯಾ ತಡವರಿಸಿದಳು. “ಗವಸಾದ್ರೆ ಹೌದು. ಕಣ ಹಾಗಲ್ಲ. ಇಲ್ಲೊಂದು ದಿಕ್ಕಲ್ಲಿ, ಅಲ್ಲಿನ್ನೊಂದು ದಿಕ್ಕಲ್ಲಿ ಅಳೀತಾ ಹೋದ್ರೆ, ಆ ಗವಸಿನ ಲೆಕ್ಕ ಕೂಡಲ್ಲ. ಹಾಗಂತ ಇಲ್ಲಿಂದ ಅಲ್ಲಿಗೆ ಸುದ್ದಿ ಕಳಿಸೋಕೂ ಆಗಲ್ಲ. ಅದರರ್ಥ ಏನು ಅಂತ... ನಂಗ್ ತಿಳೀದು. ಆಸ್ಗರ್ ಎರಡು ಥರ ಹೇಳಿದ್ರು.”

ಅವಳನ್ನು ಹೊರಗೆ ಕಳಿಸಿ ಇಬ್ಬರೂ ಅಂಕ ಹಾಕಲು ಕುಳಿತರು.

“ನೋಡೋಕ್ ಮುಂಚೆ ಎಡ ಬಲ ಅನ್ನೋ ಮಾತಿಗೇ ಅರ್ಥ ಇಲ್ಲ, ಅಂತ ಅವಳು ಹೇಳ್ಬೇಕಿತ್ತು,” ಎಂದ ಆಸ್ಗರ್.

“ನೀವು ಕೋಪನ್‌ಹೇಗನ್‌ನೋರು ಬಾಯಿ ಮುಚ್ಚಿಸೋದನ್ನೇ ಉತ್ತರ ಅಂತೀರಿ! ಕಣಕ್ಕೆ ದಾರಿ ತೋರ್ಸೋ ಅಲೆ ಇದೆ, ಮಾರಾಯ. ಇಲ್ಲಿ ಮುಟ್ಟಿದ್ರೆ ಅಲ್ಲೂ ತಟ್ಟತ್ತೆ.”

“ತಕ್ಷಣ? ಸಮುದ್ರ ದಾಟಿ?”

“ತಕ್ಷಣ.”

“ಶುಕ್ರವಾರ ಬಂದ್ರೆ ನಂಗೂ ಹಾಗೇ ಅನ್ಸತ್ತೆ,” ಎಂದು ಆಸ್ಗರ್ ತಲೆ ಕೆರೆದುಕೊಂಡ.

ಮಾತಿಗೆ ಮಾತು ಬೆಳೆಯಿತು. ಅಂಕದ ವಿಚಾರ ಇಬ್ಬರಿಗೂ ಮರೆತೇ ಹೋಯಿತು. ಕೊನೆಗೆ ಬಾಗಿಲು ತೆರೆದು ಅಜ್ಜಿ ತಲೆ ತೂರಿಸಿದಳು.

“ಹುಡುಗಿ ಅಳ್ತಾ ಕೂತಿದಾಳೆ. ಇಷ್ಟು ಹೊತ್ತಾಯ್ತು ಅಂದ್ರೆ ಫೇಲೇ ಅಂತೆ. ಹೌದಾ ಅಲ್ವಾ, ಒಂದ್ ಮಾತು ಹೇಳ್ಬಿಡ್ರಪ್ಪ!”

ಇಬ್ಬರಿಗೂ ನಾಚಿಕೆಯಾಯಿತು. “ನಾವಿಬ್ರೂ ಒಪ್ಪೋದು ಅವಳು ಹೇಳಿದಷ್ಟನ್ನೇ ಅಲ್ವಾ?” ಎಂದು ಗೂಡ್ರುನ್ ಒಳ್ಳೆಯ ಅಂಕವನ್ನೇ ಹಾಕಿದಳು.

ಆಸ್ಗರ್ ಹೊರಗೆ ಹೋಗಿ ಸುದ್ದಿ ಹೇಳಿದ. ಅಜ್ಜಿ ಮೊಮ್ಮಗಳಿಗೆ ಟೋಪಿ ತೊಡಿಸಿದಳು.

“ಆದ್ರೆ ಆಸ್ಗರ್, ಸರಿಯಾದ ಅರ್ಥ ಯಾವ್ದು?” ಕಾಯಾ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ನಂಗೂ ತಿಳೀದು, ಮಗು,” ಎಂದ ಆಸ್ಗರ್.