ಬೂಟಿನ ಸಾಹೇಬರು

ಬಾಡಿಗೆ ಕೋಣೆ ಕೇಳಲು ಬಂದ ದಿನ ಸಾಹೇಬರು ಮನೆಯೊಡತಿ ಅಜ್ಜಿಗೆ ಕೋಣೆಯ ಮಾತಿಗಿಂತ ಮೊದಲು ತಮ್ಮ ಬೂಟಿನ ಮಾತು ತೆಗೆದರು: ಮೀನಖಂಡದವರೆಗೆ ದಪ್ಪ ಕರಿ ಚರ್ಮ, ಕಟ್ಟಲು ದಾರವಿಲ್ಲ, ಪಾದದ ಮೇಲೊಂದು, ಮೇಲ್ತುದಿಗೊಂದು ಹಿತ್ತಾಳೆಯ ಬಕ್ಕಲ್. "ಹಳೇ ಕಾಲದಲ್ಲಿ ರೈಲು ಎಂಜಿನ್ನಿನವರು ಹಾಕ್ತಿದ್ದ ಮಾದರಿ ಅಮ್ಮಾ, ಹೇಳಿ ಹೊಲಿಸಿದ್ದು." "ಎಂಜಿನ್ ಎಲ್ಲಿ ನಿಲ್ಲಿಸಿ ಬಂದ್ರಿ, ಸಾಹೇಬ್ರೇ?" ಎಂದು ಅಜ್ಜಿ ಕೇಳಿದರೆ ನಕ್ಕುಬಿಟ್ಟರು, ಅವರು ಜೀವಮಾನವೆಲ್ಲ ದುಡಿದದ್ದು ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ, ಕುರ್ಚಿಯ ಮೇಲೆ. ಹಾಲು ತರಲೂ ಬೂಟು, ಬಟ್ಟೆ ಒಣಹಾಕಲೂ ಬೂಟು. ಮೆಟ್ಟಿಲ ಮೇಲೆ ಕೂತು ಅದಕ್ಕೆ ಎಣ್ಣೆ ತಿಕ್ಕುವುದಂತೂ ಎಳೆಗೂಸಿಗೆ ತಿಕ್ಕಿದ ಹಾಗೆ. "ದಾರ ಕಟ್ಟೋನು ದಿನಾ ತಲೆ ಬಗ್ಗಿಸ್ಬೇಕು. ನಾನು ಬಗ್ಗೋ ಆಸಾಮಿ ಅಲ್ಲ!" ಎನ್ನುವರು. "ಜಂಬದ ಕೋಳಿ," ಎಂದು ಅಜ್ಜಿ ಒಳಗೊಳಗೇ ನಗುವರು. ಒಂದು ದಿನ ಒಗೆಯಲೆಂದು ಅವರ ಹಾಸಿಗೆಯ ಬಟ್ಟೆ ಎತ್ತಿದಾಗ ಅಜ್ಜಿಗೆ ಕಾಲಿನ ಕಡೆಯಲ್ಲಿ ಬೂಟಿನ ಮಸಿ ಕಂಡಿತು. ಹಿಂದೊಮ್ಮೆ ಸಾಹೇಬರೇ ಹೇಳಿದ್ದು ನೆನಪಾಯಿತು: ತೀರಿಕೊಂಡ ಹೆಂಡತಿ ದಿನಾ ಸಂಜೆ ಹಿಮ್ಮಡಿ ಹಿಡಿದು ಆ ಬೂಟು ಎಳೆದು ಬಿಚ್ಚಿಕೊಡುತ್ತಿದ್ದಳಂತೆ. ಈಗ ತಮ್ಮ ಕೈ ಸೋತ ದಿನ ಸಾಹೇಬರು ಬೂಟಿನಲ್ಲೇ ಮಲಗುತ್ತಿದ್ದರು. ತಾವಾಗಿ ಮಾತೆತ್ತಿದರೆ ಅವರ ಮಾನ ಹೋದೀತೆಂದು ಅಜ್ಜಿ ಸುಮ್ಮನಾದರು, ನಾಚಿಕೆಗೆ ಸಾಹೇಬರೂ ಕೇಳಲಿಲ್ಲ. ಎರಡು ಹೆಜ್ಜೆಯ ಅಂತರದಲ್ಲಿದ್ದ ಕೈ ಉಪಯೋಗಕ್ಕೆ ಬಾರದೇ ಹೋಯಿತು. ಮತ್ತೆ ಮರಳಿ ಬಾರದ ಹಾಗೆ ಆಸ್ಪತ್ರೆಗೆ ಹೊರಟ ದಿನ, ಗಾಡಿ ಬಾಗಿಲಲ್ಲಿ ಕಾಯುತ್ತಿರುವಾಗ, ಅವರು ಬೂಟಿನೊಳಗೆ ಊದಿದ ಕಾಲನ್ನು ಮೆಲ್ಲಗೆ ಮುಂದೆ ಚಾಚಿ, ನೆಲ ನೋಡುತ್ತ ಕೇಳಿದರು: "ಅಲ್ಲಿ ಗುರುತಿಲ್ಲದವರ ಮುಂದೆ ಬೇಡ ಅಮ್ಮಾ. ನೀವೇ ಒಂದ್ಸಲ ಎಳೀತೀರಾ?"